ಬಾಗಿಲ ಮೇಲೆ ಕುಂಕುಮ

ದುಖಾನ್, ಕತಾರ್
14 ನವೆಂಬರ್ 2025

ಗೆಳೆಯ ಚನ್ನಬಸವನಿಗೆ ಶಿವಪುತ್ರನ ಶರಣು.

ವಿತ್ ರೆಫರೆನ್ಸ್ ಟು ಯುವರ್ ಕೈಂಡ್ ಲೆಟರ್, ಐ ಬೆಗ್ ಟು... ಮುಂದಿನದು ಮರೆತಿದೆ ಮಾರಾಯಾ. ಧಾರವಾಡದ ಕಾಲೇಜಿನಲ್ಲಿ ಉರು ಹೊಡೆದದ್ದು ಇಷ್ಟೇ ಉಳಿದಿದೆ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಬೈದುಕೋ. ನನ್ನ ಮಂಡಿನೋವು ಹಾಗೇ ಇದೆ. ಊರಿಗೆ ಹೊರಟ ಯಜ್ಞೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಫೋನಿನಲ್ಲಿ ಹೇಳುವಂಥದ್ದಲ್ಲ.

ಮಗಳು ಶಿಲ್ಪಶ್ರೀ ಅಮೆರಿಕದ ಒಂದು ಯೂನಿವರ್ಸಿಟಿಯ ದೋಹಾ ಶಾಖೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಳಲ್ಲ, ಅಲ್ಲಿ ಅವಳ ಕೋಣೆಯ ಜೊತೆಗಾತಿ ಜೂಲಿಯೆಟ್ ಯಹೂದಿ ಹುಡುಗಿ. ನನ್ನನ್ನು ಅಂಕಲ್ ಎನ್ನುತ್ತಾಳೆ. ನಮ್ಮ ಶೇಂಗಾ ಹೋಳಿಗೆ ಅಂದರೆ ಪ್ರಾಣ. ಲಕ್ಷ್ಮೀಪೂಜೆಯ ದಿನ ಹೋಳಿಗೆ ಕಟ್ಟಿಕೊಂಡು ಅವರ ಕೋಣೆಗೆ ಹೋದೆ. ಒಳಗೆ ಯಾರೂ ಇರಲಿಲ್ಲ. ಇಬ್ಬರ ಹೆಸರಿದ್ದ ಬಾಗಿಲು ಹಬ್ಬದ ದಿನವೂ ಬೋಳಾಗಿತ್ತು. ಪೂಜೆಯ ಕುಂಕುಮ ಕಲಸಿ ದೊಡ್ಡದೊಂದು ಸ್ವಸ್ತಿಕ ಬರೆದೆ. ಮನೆಯಲ್ಲಿ ಅದನ್ನು ನನ್ನಾಕಿ ಬರೆಯುತ್ತಿದ್ದಳು. ಅವಳು ಹೋದ ಮೇಲೆ ಆ ಕೆಲಸ ನನ್ನದು.

ಜೂಲಿಯೆಟ್ ಬಂದವಳು ಅಲ್ಲೇ ನಿಂತಳು. ಮುಖ ಸುಣ್ಣದಂತೆ ಬಿಳಿಚಿತು.

“ಡೋಂಟ್ ಫಿಯರ್, ಡಿಯರ್ ಚೈಲ್ಡ್! ಗುಡ್ ಲಕ್ ಓನ್ಲಿ! ಹಿಟ್ಲರ್ ಈಸ್ ಥೀಫ್, ವಿ ಆರ್ ಓನರ್!” ಎಂದು ನಕ್ಕೆ.

“ಅಂಕಲ್, ಪ್ಲೀಸ್, ಒರೆಸಿಬಿಡಿ” ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು.

ಹಬ್ಬದ ದಿನ ಹಚ್ಚಿದ ಕುಂಕುಮವನ್ನು ಒರೆಸುವುದೇ? ಹೆಂಡತಿಯನ್ನು ಕಳೆದುಕೊಂಡವನ ಕೈ ಅದಕ್ಕೆ ಏಳಲಿಲ್ಲ ಚನ್ನಬಸವ. “ನೋ, ನೋ, ಇನಾಸ್ಪಿಶಸ್” ಎಂದೆ. ಅವಳು ಹೊರಟುಹೋದಳು. ಕಾವಲಿನ ನೌಶಾದ್ ಬಂದು ಬಾಗಿಲ ಫೋಟೊ ತೆಗೆದ.

ಈಗ ಶಿಲ್ಪಶ್ರೀಯ ವಿಚಾರಣೆಗೆ ಸಮಿತಿ ಕೂತಿದೆ. ಯಹೂದಿದ್ವೇಷ ಎಂದರೆ ಏನು, ಅದಕ್ಕೆ ಏನು ಕ್ರಮ ಎಂದು ಯೂನಿವರ್ಸಿಟಿ ಈ ವರ್ಷವೇ ನಿಯಮ ಮಾಡಿದೆಯಂತೆ. ನಾನೇ ಹೋಗಿ ಎಕ್ಸ್‌ಪ್ಲೇನ್ ಮಾಡುತ್ತೇನೆ ಎಂದು ಮಗಳಿಗೆ ಫೋನ್ ಮಾಡಿದೆ.

“ಬ್ಯಾಡ್ರಿ ಅಪ್ಪಾ. ನೀವು ಮತ್ತ ಹಿಟ್ಲರ್ ಅಂತ ಬಾಯಿ ತಗದ್ರ ನನ್ನ ಸೀಟು ಖಲಾಸ್.”

“ಅದರಾಗ ದ್ವೇಷ ಎಲ್ಲಿತ್ತವಾ?”

“ನಿಮ್ಮ ಮನಸ್ಸು ಆಮ್ಯಾಲೆ ನೋಡ್ತಾರ. ಜೂಲಿಯೆಟ್ ಅಜ್ಜಿ ಮನಿ ಬಾಗಲಕ್ಕೂ ಹಿಟ್ಲರನ ಮಂದಿ ಇದನ್ನ ಬರದಿದ್ರಂತ, ಎಳಕೊಂಡು ಹೋಗೂ ಮುಂಚೆ. ಒರಸ್ರಿ ಅಂದ ಮ್ಯಾಲೂ ಯಾಕ ಒರಸಲಿಲ್ಲ ಅಂತ ಕೇಳಾಕತ್ತಾರ. ಏನ್ ಹೇಳ್ಲಿ ನಾನು?”



ಸೋಮವಾರ ತೀರ್ಮಾನ. ಜೂಲಿಯೆಟ್ ಕೋಣೆ ಬಿಟ್ಟಿದ್ದಾಳೆ. ಶಿಲ್ಪಶ್ರೀಯನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ. ಈಗೀಗ ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಹೊರಗೆ ಮರಳುಗಾಳಿ ಎದ್ದಿದೆ. ಎದುರು ಸಾಲಿನ ಕ್ವಾರ್ಟರ್ಸ್ ಕಾಣುತ್ತಿಲ್ಲ.

ತಂಗಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೊಮ್ಮಕ್ಕಳಿಗೆ ಬಸವಣ್ಣ ಆಯುಷ್ಯ, ಒಳ್ಳೆಯ ಬುದ್ಧಿ ಎರಡೂ ಕೊಡಲಿ.

ನಿನ್ನ
ಶಿವಪುತ್ರ

ತಾ.ಕ.: ನಿನ್ನೆ ತಡೆಯಲಾಗದೆ ದೋಹಾಕ್ಕೆ ಹೋಗಿದ್ದೆ. “ಮಾಫಿ ಪರ್ಮಿಷನ್, ಅಂಕಲ್” (ಇಲ್ಲಿ ಮಾಫಿ ಅಂದರೆ ಇಲ್ಲ) ಎಂದು ನೌಶಾದ್ ಗೇಟಿನಲ್ಲೇ ತಡೆದ. ಒಳಗೆ ಬಿಡಬಾರದವರ ಫೋಟೊ ಅವನ ಗೂಡಿನ ಗಾಜಿಗೆ ಅಂಟಿಸಿದ್ದರು. ನನ್ನದೇ. ನನ್ನಾಕಿಯ ಜೊತೆ ನಿಂತು ತೆಗೆಸಿಕೊಂಡದ್ದು. ಅವಳನ್ನು ಕತ್ತರಿಸಿದ್ದಾರೆ, ನನ್ನ ಭುಜದ ಮೇಲೆ ಅವಳ ಬೆರಳುಗಳಷ್ಟೇ ಉಳಿದಿವೆ. ಆ ಫೋಟೊ ಇರುವುದು ಶಿಲ್ಪಶ್ರೀಯ ಹತ್ತಿರ ಮಾತ್ರ.