ಒಡೆದದ್ದು ಮಾನಿಟರು, ಮಾರಿದ್ದು ನನ್ನ ತಂಗಿಯ ವಿಳಾಸ

ಸುತ್ತಿಗೆ ಹಿಡಿದ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳು ತಮ್ಮ ಮಹಿಳಾ ರಕ್ಷಣಾ ಕಚೇರಿಯ ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕಿದಿರಲ್ಲ, ಅವುಗಳ ಜೊತೆಗೆ ತಮ್ಮನ್ನು ನಂಬಿ ಬಂದ ಹೆಂಗಸರ ಗುಟ್ಟುಗಳನ್ನೂ ಹರಾಜು ಹಾಕಿದ್ದೀರಿ. ಇದು ಗಾಳಿಮಾತಲ್ಲ. ಹಳೆಯ ಕಂಪ್ಯೂಟರು ಕೊಂಡು, ರಿಪೇರಿ ಮಾಡಿ ಮಾರುವುದು ನನ್ನ ಕಸುಬು. ತಮ್ಮ ಮೂವತ್ತೈದು ಸಿಪಿಯುಗಳಲ್ಲಿ ನಾಲ್ಕು ನನ್ನ ಪಾಲಿಗೆ ಬಂದಿವೆ.

ಹರಾಜಿನ ದಿನ ಕೊಂಡವರಿಗೆಲ್ಲ ಒಂದೊಂದು ಪ್ರಮಾಣಪತ್ರ ಸಿಕ್ಕಿತು. ‘ಸಮಸ್ತ ಮಾಹಿತಿಯನ್ನು ಶಾಶ್ವತವಾಗಿ ನಾಶಪಡಿಸಲಾಗಿದೆ.’ ಮೂವರ ಸಹಿ, ಎರಡು ಮೊಹರು. ಹೇಗೆ ನಾಶಪಡಿಸಿದಿರಿ ಎಂದು ಸುಮ್ಮನೆ ಕೇಳಿದ್ದಕ್ಕೆ ತಮ್ಮ ಗುಮಾಸ್ತರು ಹೆಮ್ಮೆಯಿಂದ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಕಚೇರಿಯ ಹಿಂದೆ ಮಾನಿಟರುಗಳನ್ನು ಸಾಲಾಗಿ ನಿಲ್ಲಿಸಿ ಒಡೆಯುತ್ತಿದ್ದಾರೆ. ಮೊದಲ ಏಟು ತಮ್ಮದೇ. ಕೈಗೆ ಗವಸು, ಮುಖದಲ್ಲಿ ಉದ್ಘಾಟನೆಯ ಕಳೆ. ಕಡತ ಕಾಣಿಸುವುದು ಪರದೆಯ ಮೇಲೆ, ಆದ್ದರಿಂದ ಅದು ಇರುವುದೂ ಅಲ್ಲೇ ಎಂದು ತಮ್ಮ ಸಮಿತಿ ಒಮ್ಮತದಿಂದ ತೀರ್ಮಾನಿಸಿತಂತೆ. ಪಾಪ, ಆ ಮಾನಿಟರುಗಳಿಗೆ ಯಾರ ಗುಟ್ಟೂ ಗೊತ್ತಿರಲಿಲ್ಲ. ಗೊತ್ತಿದ್ದ ಹಾರ್ಡ್ ಡಿಸ್ಕುಗಳು ಸಿಪಿಯು ಒಳಗೆ ಒಂದು ಗೀರೂ ಬೀಳದೆ ನನ್ನ ಅಂಗಡಿಗೆ ಬಂದವು.

ಡಿಲೀಟ್ ಮಾಡಿರಲಿಲ್ಲ ಎಂದು ನಾನು ದೂರುವುದಿಲ್ಲ. ಮಾಡಿದ್ದರು, ರಿಸೈಕಲ್ ಬಿನ್ನನ್ನೂ ಗುಡಿಸಿದ್ದರು. ಆದರೆ ಮಾನ್ಯರೇ, ಡಿಲೀಟ್ ಮಾಡುವುದೆಂದರೆ ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೊಡೆದುಹಾಕಿದ ಹಾಗೆ. ಅಧ್ಯಾಯ ಒಳಗೆ ಇದ್ದಲ್ಲೇ ಇರುತ್ತದೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ, ಪುಕ್ಕಟೆ ಸಿಗುವ ಒಂದು ತಂತ್ರಾಂಶವಿದ್ದರೆ ಯಾರು ಬೇಕಾದರೂ ಅದನ್ನು ಎಬ್ಬಿಸಿ ಕೂರಿಸಬಹುದು. ಮಾರುವ ಮುನ್ನ ಡಿಸ್ಕಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡುವುದು ನನ್ನ ಅಭ್ಯಾಸ. ನೋಡಿದೆ. ಕಾಫಿ ಆರುವಷ್ಟರಲ್ಲಿ ಎರಡು ಸಾವಿರ ಅರ್ಜಿಗಳು ಎದ್ದು ಬಂದವು.

ಪಟ್ಟಿಯನ್ನು ಮುಚ್ಚಬೇಕೆನ್ನುವಾಗ ಒಂದು ಹೆಸರು ಕಣ್ಣಿಗೆ ಬಿತ್ತು. ನನ್ನ ತಂಗಿಯದು. ಮೂರು ವರ್ಷದ ಹಿಂದೆ ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಎಡಗೈಯಲ್ಲಿ ಬರೆದ ಅರ್ಜಿಯ ಸ್ಕ್ಯಾನ್ ಪ್ರತಿ. ಆಮೇಲೆ ಅವಳು ಎರಡು ಸಲ ಮನೆ ಬದಲಾಯಿಸಿದ್ದಾಳೆ. ಎರಡು ಸಲವೂ ಹೊಸ ವಿಳಾಸವನ್ನು ತಮ್ಮ ಕಚೇರಿಗೆ ಕೊಟ್ಟಿದ್ದಾಳೆ, ಏಕೆಂದರೆ ನಿಯಮ ಹಾಗಿದೆ. ಎರಡೂ ಅಲ್ಲೇ ಇದ್ದವು, ‘ಅತಿ ಗೌಪ್ಯ’ ಎಂಬ ಕೆಂಪು ಮೊಹರಿನ ಕೆಳಗೆ. ಅವಳ ಮಾಜಿ ಗಂಡ ಇಂದಿಗೂ ಸಿಕ್ಕವರನ್ನೆಲ್ಲ ಅವಳೆಲ್ಲಿದ್ದಾಳೆ ಎಂದು ಕೇಳುತ್ತಲೇ ಇದ್ದಾನೆ. ಸುದೈವದಿಂದ ಅವನಿಗೆ ಹರಾಜಿಗೆ ಹೋಗುವ ಹವ್ಯಾಸವಿಲ್ಲ. ಇಂಥ ಸುದೈವದ ಮೇಲೆ ಒಂದು ಸರ್ಕಾರಿ ಕಚೇರಿ ನಡೆಯಬೇಕೇ?

ಮರುದಿನ ಬೆಳಿಗ್ಗೆಯೇ ತಮ್ಮ ಕೊಠಡಿಗೆ ಬಂದಿದ್ದೆ. ತಮಗೆ ನೆನಪಿರಬಹುದು. ಅಳಿಸಿದ್ದೆಲ್ಲ ಮತ್ತೆ ಸಿಗುತ್ತದೆ ಎಂದು ವಿವರಿಸಿದಾಗ ತಾವು ಗಾಬರಿಯಾಗುತ್ತೀರಿ ಎಂದುಕೊಂಡಿದ್ದೆ. ತಮ್ಮ ಮುಖ ಅರಳಿತು.

“ಹೌದಾ? ಹಾಗಾದ್ರೆ ನಮ್ಮ ಮನೆಯವ್ರ ಪ್ರವಾಸದ ಫೋಟೋ ಎಲ್ಲಾ ಡಿಲೀಟ್ ಆಗ್ಬಿಟ್ಟಿದೆ ಮೇಡಂ, ಸ್ವಲ್ಪ ತೆಗ್ದುಕೊಡ್ತೀರಾ?”

ಖಂಡಿತ ತೆಗೆದುಕೊಡುತ್ತೇನೆ. ಅದರಲ್ಲಿ ನಾನು ನಿಸ್ಸೀಮಳು. ಆದರೆ ಉಳಿದ ಯಂತ್ರಗಳನ್ನು ಯಾರು ಕೊಂಡರು ಎಂದು ಕೇಳಿದಾಗ ಮಾತ್ರ ತಮಗೆ ದಿಢೀರನೆ ನಿಯಮಗಳು ನೆನಪಾದವು. ಕೊಂಡವರ ಹೆಸರು ವಿಳಾಸ ಗೌಪ್ಯವಂತೆ, ಹೊರಗೆ ಕೊಡುವಂತಿಲ್ಲವಂತೆ. ಗೌಪ್ಯತೆಯ ಬಗ್ಗೆ ತಮಗಿರುವ ಈ ಶ್ರದ್ಧೆ ಒಂದು ತಿಂಗಳು ಮೊದಲೇ ಹುಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಆಗಲಿ, ನನಗೆ ಹೆಸರುಗಳು ಬೇಡ. ತಾವೇ ಕೊಂಡವರ ಬಾಗಿಲಿಗೆ ಹೋಗಿ ಮೂವತ್ತೊಂದು ಡಿಸ್ಕುಗಳನ್ನೂ ವಾಪಸು ತನ್ನಿ. ತುದಿಯಿಂದ ತುದಿಗೆ ಅವುಗಳ ಮೇಲೆ ಬರೀ ಸೊನ್ನೆಗಳನ್ನು ಬರೆಸಿ. ಅದಕ್ಕೆ ಸಮಿತಿ ಬೇಡ, ಕೆಲವು ಗಂಟೆ ವಿದ್ಯುತ್ ಸಾಕು. ಸುತ್ತಿಗೆಯೇ ಬೇಕೆಂದರೆ ಡಿಸ್ಕನ್ನು ಹೊರತೆಗೆದು ಡಿಸ್ಕಿಗೇ ಹೊಡೆಯಿರಿ, ಮಾಹಿತಿ ಕೂತಿರುವ ಒಳಗಿನ ತಟ್ಟೆಗಳು ಚೂರಾಗುವವರೆಗೆ. ನನ್ನ ಪಾಲಿನ ನಾಲ್ಕನ್ನು ನಾನೇ ಅಳಿಸಿದ್ದೇನೆ. ಕೊನೆಗೆ, ಒಬ್ಬರನ್ನೂ ಬಿಡದೆ ಅಷ್ಟೂ ಹೆಂಗಸರಿಗೆ ತಮ್ಮ ಸಹಿಯಲ್ಲೇ ಎಚ್ಚರಿಕೆಯ ಪತ್ರ ಹೋಗಬೇಕು.

ಒಬ್ಬಳಿಗೆ ಈಗಾಗಲೇ ಗೊತ್ತಾಗಿದೆ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವಳು ತಮ್ಮನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು.

“ಅಕ್ಕಾ, ಹಾಗಾದ್ರೆ ಮತ್ತೆ ಮನೆ ಖಾಲಿ ಮಾಡ್ಬೇಕಾ?”

ನಾನೇನು ಉತ್ತರ ಹೇಳಲಿ, ತಾವೇ ತಿಳಿಸಿ.

ಇಂತಿ,
ತಮ್ಮ ಕಚೇರಿಗೆ ಇನ್ನು ವಿಳಾಸ ಬರೆದುಕೊಡದ
ಒಬ್ಬ ರಿಪೇರಿ ಅಂಗಡಿಯವಳು