ಹೊಸ್ತಿಲಲ್ಲಿ ಹುಟ್ಟಿದವನಿಗೆ ಯಾವ ತಾರೀಖು?

ಕಿಡ್ನಿ ಕಸಿಗೆ ಮೊದಲು ಕೊಡುವವನಿಗೂ ಪಡೆಯುವವನಿಗೂ ಏನು ಸಂಬಂಧವೆಂದು ಪರೀಕ್ಷಿಸಿ ಒಪ್ಪಿಗೆ ನೀಡುವ ಮಾನ್ಯ ಅಧಿಕಾರಿಗಳೇ,

ನಾನೂ ನನ್ನ ತಮ್ಮ ಭೀಮಶಿಯೂ ಅವಳಿಗಳು. ಒಂದೇ ಸಂಜೆ, ಒಂದೇ ತಾಯಿಗೆ, ಒಂದು ಅಡುಗೆ ಮುಗಿಯುವಷ್ಟು ಹೊತ್ತಿನ ಅಂತರದಲ್ಲಿ ಹುಟ್ಟಿದವರು. ಈಗ ಅವನ ಎರಡೂ ಕಿಡ್ನಿಗಳು ಕೈಕೊಟ್ಟಿವೆ. ನನ್ನವೆರಡೂ ಗಟ್ಟಿಯಾಗಿವೆ. ಒಂದನ್ನು ಅವನಿಗೆ ಕೊಡುತ್ತೇನೆ ಎಂದರೆ ತಾವು ಕೂಡದು ಎನ್ನುತ್ತಿದ್ದೀರಿ. ತಮ್ಮ ಕಡತದ ಪ್ರಕಾರ ನಾನು ಹುಟ್ಟಿದ್ದು 1974ರ ಜೂನ್ ಒಂದರಂದು, ಅವನು ಅದೇ ವರ್ಷದ ಡಿಸೆಂಬರ್ ಒಂದರಂದು. ಆರು ತಿಂಗಳಲ್ಲಿ ಒಬ್ಬ ತಾಯಿ ಎರಡು ಸಲ ಹಡೆಯಲಾರಳು, ಆದ್ದರಿಂದ ನಾವು ಅಣ್ಣತಮ್ಮಂದಿರಲ್ಲ. ಲೆಕ್ಕವೇನೋ ಸರಿಯಾಗಿದೆ, ಮಾನ್ಯರೇ. ಅದರಲ್ಲಿ ತಪ್ಪು ಹುಡುಕುವುದು ನನ್ನಿಂದಲೂ ಆಗಿಲ್ಲ.

ನಾನು ನೇಸರಗಿಯ ಬಸ್ ನಿಲ್ದಾಣದ ಬದಿಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುವವನು. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ್ದೇನೆ. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ನಾನು ಬರೆದಷ್ಟು ಸಲ ಈ ತಾಲ್ಲೂಕಿನಲ್ಲಿ ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಜನ್ಮ ದಿನಾಂಕದ ಕಾಲಂ ಬಂದಾಗ ಎದುರಿಗೆ ಕುಂತವರು ಮುಖ ಮುಖ ನೋಡಿದರೆ, ‘ಜೂನ್ ಒಂದ ಹಾಕ್ಲೇನ್ರಿ?’ ಎಂದು ಕೇಳಿ ಹಾಕಿಬಿಡುತ್ತಿದ್ದೆ. ಅವರೂ ‘ಹಾಕ್ರಿ, ಎಲ್ಲಾರದೂ ಅದ ಐತಲ್ಲ’ ಎನ್ನುತ್ತಿದ್ದರು. ಆ ಒಂದು ತಾರೀಖು ಒಂದು ದಿನ ನನ್ನ ಮನೆಗೇ ಬಂದು ಕೂರುತ್ತದೆ ಎಂದು ನನಗೇನು ಗೊತ್ತಿತ್ತು?

ತಮ್ಮ ಕಚೇರಿಗೆ ನಾವು ಬಂದ ಮೊದಲ ದಿನ ತಮಗೆ ನೆನಪಿರಲಿಕ್ಕಿಲ್ಲ. ಮೊದಲ ಮೇಜಿನ ಗುಮಾಸ್ತರು ನಮ್ಮಿಬ್ಬರ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟು, ‘ಒಬ್ಬಂದ ಫೋಟೋ ಎರಡೂ ಫಾರ್ಮಿಗೆ ಹಚ್ಚೀರಲ್ರೀ’ ಎಂದು ಗದರಿದರು. ನಾನು ಭೀಮಶಿಯನ್ನು ಮುಂದೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ, ‘ಹೋಲಿಕಿ ಪುರಾವೆ ಆಗಂಗಿಲ್ಲರಿ’ ಎಂದರು. ರಕ್ತದ ವರದಿ ತೋರಿಸಿದೆವು. ಇದಕ್ಕಿಂತ ಚೆನ್ನಾದ ಹೊಂದಾಣಿಕೆ ಸಿಗುವುದಿಲ್ಲ, ಒಡಹುಟ್ಟಿದವರಲ್ಲದೆ ಬೇರೆ ಇರಲಾರರು ಎಂದು ಡಾಕ್ಟರು ಅದರ ಮೇಲೆ ಬರೆದಿದ್ದರು. ತಾವು ಅದನ್ನು ಓದಿ, ‘ವೈದ್ಯಕೀಯವಾಗಿ ತಕರಾರಿಲ್ಲ, ದಾಖಲೆ ಹೊಂದಾಣಿಕೆ ಆಗುತ್ತಿಲ್ಲ’ ಎಂದು ಷರಾ ಬರೆದು ಕಡತ ವಾಪಸು ಕಳಿಸಿದಿರಿ. ರಕ್ತ ಒಪ್ಪಿದ್ದನ್ನು ಕಾಗದ ಒಪ್ಪುವುದಿಲ್ಲವೆಂದರೆ ನಾನು ಯಾರ ಕಾಲು ಹಿಡಿಯಲಿ?

ಎರಡನೇ ಸಲ ಅವ್ವನನ್ನೇ ಕರೆತಂದೆ. ಬಾಯವ್ವ, ಎಂಬತ್ತರ ಆಸುಪಾಸು. ಹೆತ್ತವಳೇ ಎದುರಿಗೆ ನಿಂತು ಹೇಳಿದರೆ ಇನ್ನೇನು ಬೇಕು ಎಂದುಕೊಂಡಿದ್ದೆ. ತಾವು ಅವಳ ಆಧಾರ್ ಕಾರ್ಡ್ ಕೇಳಿದಿರಿ. ಅದರಲ್ಲಿ 1966 ಎಂದಿತ್ತು.

‘ಅಜ್ಜಿ, ಇದರ ಪ್ರಕಾರ ಇವರು ಹುಟ್ಟಿದಾಗ ನಿಮಗ ಎಂಟ ವರ್ಷ. ನೀವು ಇವರ ತಾಯಿ ಆಗೂದು ಹೆಂಗ?’ ಎಂದಿರಿ.

‘ಅಯ್ಯ ಸಾಹೇಬ್ರ, ಕಾರ್ಡ್ ಮಾಡಾಂವ ನಿನಗೆಷ್ಟ ವಯಸ್ಸಬೇ ಅಂದಾ. ನನಗೇನ ಗೊತ್ತ, ಅಂದಾಜಿಲೆ ನಲವತ್ತೈದ ಬರ್ಕೋ ತಮ್ಮಾ ಅಂದ್ನಿ. ಮಕ್ಕಳ ವಯಸ್ಸ ಕೇಳಿದ್ರ ಹೇಳತಿದ್ನಿ. ನಂದ ಯಾರ ನೆನಪ ಇಟ್ಕೋತಾರ್ರಿ?’

ತಾವು ನಕ್ಕಿರಿ. ಕೆಟ್ಟ ನಗೆಯೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಕಡತ ಮತ್ತೆ ವಾಪಸು ಬಂತು.

ಹಾಗಾದರೆ ಈ ಡಿಸೆಂಬರ್ ಎಲ್ಲಿಂದ ಬಂತು? ನಾವು ಹುಟ್ಟಿದ ದಿನ ಕಾರಹುಣ್ಣಿಮೆ. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಮೆರೆಸುವ ದಿನ. ಆ ದಿನ ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ. ಸಂಜೆ ಅವ್ವನಿಗೆ ಬೇನೆ ಎದ್ದು ನಾನು ಒಳಗೆ ಹುಟ್ಟಿದೆ. ಬೇನೆ ನಿಲ್ಲಲಿಲ್ಲ. ಒಳಗೆ ಇನ್ನೊಂದು ಕೂಸಿದೆ, ಅಡ್ಡ ಕುಂತಿದೆ, ಬೈಲಹೊಂಗಲದ ದವಾಖಾನೆಗೆ ಒಯ್ಯಬೇಕು ಎಂದಳು ಸೂಲಗಿತ್ತಿ. ಒಯ್ಯಲು ಗಾಡಿ ಬೇಕು, ಗಾಡಿಗೆ ಎತ್ತು ಬೇಕು, ಎತ್ತಿಗೆ ಅಂದು ರಜೆ. ಅಪ್ಪ ಓಣಿಯ ತುಂಬ ಓಡಾಡಿ ಎಲ್ಲರಿಗೂ ಕೈಮುಗಿದ. ಕಡೆಗೆ ಒಬ್ಬರು ಒಪ್ಪಿ ಎತ್ತು ಬಿಚ್ಚಿದರು. ಅಷ್ಟರಲ್ಲಿ ಹೆಂಗಸರು ಅವ್ವನನ್ನು ಎತ್ತಿಕೊಂಡು ಬಾಗಿಲ ತನಕ ಬಂದಿದ್ದರು, ಮುಂದೆ ಆಗಲಿಲ್ಲ. ಹೊಸ್ತಿಲ ಮೇಲೆಯೇ ಇಳಿಸಿದರು. ಅಲ್ಲೇ ಭೀಮಶಿ ಹುಟ್ಟಿದ.

ಆರು ವರ್ಷದ ನಂತರ ಇಬ್ಬರನ್ನೂ ಸಾಲಿಗೆ ಒಯ್ದರು. ಆಗ ವಯಸ್ಸಿನ ಪರೀಕ್ಷೆ ಒಂದೇ: ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ನಾನು ಮುಟ್ಟಿದೆ, ಜೂನ್ ಒಂದಕ್ಕೆ ಹುಟ್ಟಿದೆ. ಭೀಮಶಿ ಹುಟ್ಟಿದಾಗಿನಿಂದ ಪೀಚು, ಬೆರಳು ಕಿವಿಯ ಹತ್ತಿರ ಹೋಗಿ ನಿಂತಿತು. ಮುಂದಿನ ವರ್ಷ ಬಾ ಎಂದರು. ಮುಂದಿನ ವರ್ಷ ಅವನನ್ನು ಕರೆದೊಯ್ದವಳು ನಮ್ಮಜ್ಜಿ ಸೀತವ್ವ. ಸಾಲಿಯಲ್ಲಿ ಹೊಸ ಮಾಸ್ತರರು ಬಂದಿದ್ದರು. ಅವರು ಬಹಳ ಪ್ರಾಮಾಣಿಕರು, ಎಲ್ಲರಿಗೂ ಕಣ್ಣುಮುಚ್ಚಿ ಜೂನ್ ಒಂದು ಬರೆಯುವವರಲ್ಲ. ‘ಕೂಸು ಯಾವಾಗ ಹುಟ್ಟೇತಿ, ಸರಿಯಾಗಿ ಹೇಳಬೇ’ ಎಂದರು. ಅಜ್ಜಿ ಸರಿಯಾಗಿಯೇ ಹೇಳಿದಳು: ‘ಇದು ಹೊಸ್ತಿಲದಾಗ ಹುಟ್ಟೇತ್ರಿ.’ ಮಾಸ್ತರರು ಯಾವಾಗ ಎಂದು ಕೇಳಿದ್ದರು, ಅಜ್ಜಿ ಎಲ್ಲಿ ಎಂದು ಹೇಳಿದ್ದಳು. ಅವರು ಅದನ್ನು ಹೊಸ್ತಿಲ ಹುಣ್ಣಿಮೆ ಎಂದು ತಿಳಿದು, ಆ ಹುಣ್ಣಿಮೆ ಡಿಸೆಂಬರಿನಲ್ಲಿ ಬರುತ್ತದಲ್ಲ ಎಂದು ನೆನೆದು, ಡಿಸೆಂಬರ್ ಒಂದು ಎಂದು ಮುದ್ದಾದ ಅಕ್ಷರದಲ್ಲಿ ಬರೆದರು. ಉದಾಸೀನದಿಂದ ಬರೆದಿದ್ದರೆ ನನ್ನ ತಮ್ಮನಿಗೆ ಇಷ್ಟರಲ್ಲಿ ಕಿಡ್ನಿ ಸಿಕ್ಕಿರುತ್ತಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ. ಆ ಪುಣ್ಯಾತ್ಮರನ್ನು ಬೈಯಲೂ ನನಗೆ ಬಾಯಿ ಬರುವುದಿಲ್ಲ.

ತಿದ್ದಿಸಿಕೊಂಡು ಬನ್ನಿ ಎಂದಿರಿ. ಹೋದೆ. ಸಾಲಿಯವರು, ಬಿಟ್ಟುಹೋದವರ ದಾಖಲೆ ಮುಟ್ಟುವ ಅಧಿಕಾರ ನಮಗಿಲ್ಲ, ಕೋರ್ಟಿನ ಆದೇಶ ತನ್ನಿ ಎಂದರು. ವಕೀಲರು ಜನನ ಪ್ರಮಾಣಪತ್ರ ಬೇಕು ಎಂದರು. ನೋಂದಣಿ ಕಚೇರಿಯಲ್ಲಿ ಆ ವರ್ಷದ ಪುಸ್ತಕವನ್ನು ಗೆದ್ದಲು ತಿಂದಿತ್ತು, ‘ಲಭ್ಯವಿಲ್ಲ’ ಎಂಬ ಪತ್ರ ಕೊಟ್ಟರು. ನಾವು ಹುಟ್ಟಿಲ್ಲ ಎನ್ನುವುದಕ್ಕೆ ಮಾತ್ರ ಸೀಲು, ಸಹಿ ಎಲ್ಲ ಸರಿಯಾಗಿದೆ. ಕೇಸು ಹಾಕಿದ್ದೇನೆ. ಮುಗಿಯಲು ಎರಡು ವರ್ಷವಾದರೂ ಬೇಕಂತೆ. ಡಾಕ್ಟರು ಮಳೆಗಾಲದೊಳಗೆ ಆಗಬೇಕು ಎಂದಿದ್ದಾರೆ. ಈ ಎರಡನ್ನೂ ಕೂಡಿಸಿ ನೋಡುವ ಧೈರ್ಯ ನನಗಿಲ್ಲ.

ಭೀಮಶಿ ಗೌಂಡಿ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಮನೆಗಳಿಗೆ ಹೊಸ್ತಿಲು ಕೂಡಿಸಿದ್ದಾನೋ ಅವನಿಗೇ ಗೊತ್ತಿಲ್ಲ. ಈಗ ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾನೆ. ಇಳಿಯುವಾಗ ಬಾಗಿಲ ಕಂಬಿ ಹಿಡಿದು ನಿಂತುಬಿಡುತ್ತಾನೆ. ನಾನು ಕೈಹಿಡಿದರೆ, ‘ಬಿಡೋ ಅಣ್ಣಾ, ಆರ ತಿಂಗಳ ದೊಡ್ಡಾಂವ ಅಂತ ಭಾಳ ಹಿರೇತನ ಮಾಡಬ್ಯಾಡ’ ಎಂದು ಚೇಷ್ಟೆ ಮಾಡುತ್ತಾನೆ. ಮೊನ್ನೆ ಮಾತ್ರ ಹಾಗೆನ್ನಲಿಲ್ಲ. ‘ನಾ ಅವತ್ತ ಇನ್ನೊಂದೀಟ ಕೈ ಚಾಚಿದ್ರ ಕಿವಿ ಮುಟ್ಟತಿತ್ತೋ ಏನೋ’ ಎಂದ. ನಾನು ಹೊರಗೆ ಬಂದು ಅತ್ತೆ.

ಶಿವರಾತ್ರಿಯ ದಿನ, ಫೆಬ್ರುವರಿ ಹದಿನೈದರಂದು, ಅವನ ಮಗಳು ಉಮಾಶ್ರೀ ತನ್ನ ಮೊಬೈಲಿನಲ್ಲಿ ನಮ್ಮ ವಯಸ್ಸು ಹಾಕಿ ನೋಡಿದಳು. ಹುಟ್ಟಿದ ತಾರೀಖು ಕೊಟ್ಟರೆ ವರ್ಷ, ತಿಂಗಳು, ದಿನ ಎಲ್ಲವನ್ನೂ ಅದು ಹೇಳುತ್ತದಂತೆ. ನನಗೆ ಐವತ್ತೊಂದು ವರ್ಷ ಎಂಟು ತಿಂಗಳು ಹದಿನಾಲ್ಕು ದಿನ, ಅವನಿಗೆ ಐವತ್ತೊಂದು ವರ್ಷ ಎರಡು ತಿಂಗಳು ಹದಿನಾಲ್ಕು ದಿನ. ಜೂನ್ ಒಂದು ಶನಿವಾರ, ಡಿಸೆಂಬರ್ ಒಂದು ರವಿವಾರ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವ್ವ ಕೇಳಿಸಿಕೊಂಡು, ‘ಸುಳ್ಳ ಹೇಳತೈತದು. ಅವತ್ತ ಮಂಗಳವಾರ’ ಎಂದಳು. ಉಮಾಶ್ರೀ ಹಿಂದಿನ ಮುಂದಿನ ವರ್ಷಗಳ ಕಾರಹುಣ್ಣಿಮೆಗಳನ್ನೆಲ್ಲ ತೆಗೆದು ನೋಡಿದಳು. 1974ರದ್ದು ಮಾತ್ರ ಮಂಗಳವಾರ ಬಂದಿತ್ತು. ಜೂನ್ ನಾಲ್ಕು. ಆ ಲೆಕ್ಕದಲ್ಲಿ ಶಿವರಾತ್ರಿಗೆ ನಾವಿಬ್ಬರೂ ಹದಿನೆಂಟು ಸಾವಿರದ ಎಂಟುನೂರ ಎಂಬತ್ತನಾಲ್ಕು ದಿನ ಬದುಕಿದ್ದೆವು. ತನ್ನ ವಯಸ್ಸು ಗೊತ್ತಿಲ್ಲದ ಮುದುಕಿ ಐವತ್ತೊಂದು ವರ್ಷದ ಹಿಂದಿನ ವಾರವನ್ನು ತಪ್ಪದೆ ಹೇಳಿದಳು. ಇದು ತಮ್ಮ ಯಾವ ಕಾಲಂನಲ್ಲಿ ಕೂರುತ್ತದೆ?

ನನ್ನ ಬೇಡಿಕೆ ಇಷ್ಟೇ. ಜೂನ್ ನಾಲ್ಕನ್ನೇ ನಂಬಿ ಎನ್ನುವ ಹಟವನ್ನೂ ಬಿಟ್ಟಿದ್ದೇನೆ. ತಾವೇ ಒಂದು ತಾರೀಖು ಹೇಳಿ. ಯಾವುದಾದರೂ ಸರಿ, ನಾವಿಬ್ಬರೂ ಅಂದೇ ಹುಟ್ಟುತ್ತೇವೆ. ಇಲ್ಲವೇ ಒಂದು ಸಲ ನಮ್ಮ ಮನೆಗೆ ಬನ್ನಿ. ಮನೆ ರಿಪೇರಿ ಮಾಡುವಾಗ ಎಲ್ಲವನ್ನೂ ಕಿತ್ತ ಭೀಮಶಿ ಆ ಹೊಸ್ತಿಲನ್ನು ಕೀಳಲಿಲ್ಲ, ಅವ್ವ ಬಿಡಲಿಲ್ಲ. ಅವಳು ಅಲ್ಲೇ ಕುಳಿತು ತಮಗೆ ಎಲ್ಲವನ್ನೂ ಹೇಳುತ್ತಾಳೆ. ಅದೂ ಆಗದಿದ್ದರೆ ತಮ್ಮ ಕಡತ ತಾನಾಗಿಯೇ ಸರಿಹೋಗುತ್ತದೆ ಬಿಡಿ. ಭೀಮಶಿಯ ಹೆಸರಿನ ಮುಂದೆ ಇನ್ನೊಂದು ತಾರೀಖು ಬೀಳುತ್ತದೆ. ಅದನ್ನು ಕೇಳಲು ಯಾವ ಅಜ್ಜಿಯೂ ಬೇಕಾಗುವುದಿಲ್ಲ, ದವಾಖಾನೆಯವರು ಗಂಟೆ ನಿಮಿಷ ಸಮೇತ ಬರೆದುಕೊಡುತ್ತಾರೆ. ನನ್ನ ತಮ್ಮನ ಬಗ್ಗೆ ಸರಕಾರದಲ್ಲಿರುವ ಸರಿಯಾದ ತಾರೀಖು ಅದೊಂದೇ ಆಗದಿರಲಿ, ಮಾನ್ಯರೇ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಭೀಮಶಿಗೆ ಏನೂ ಅಲ್ಲದ,
ಅವ್ವನ ಪ್ರಕಾರ ಅವನಿಗಿಂತ ಒಂದು ಹೊಸ್ತಿಲಿನಷ್ಟು ದೊಡ್ಡವನಾದ,
ಶಟ್ಟೆಪ್ಪ
ಅರ್ಜಿ ಬರೆಯುವವನು, ನೇಸರಗಿ