ತಳ ಸಿಗದ ಬಾವಿಯ ಫೋಟೋ

ರಾಣೆಬೆನ್ನೂರು
ಏಪ್ರಿಲ್ ೨೦೦೭

ಅಪ್ಪಾ,

ನಿಮ್ಮ ಕಾಲಿಗೆ ಬೀಳುತ್ತೇನೆ. ಆದರೆ ತಪ್ಪಾಯಿತು ಎನ್ನುವುದಿಲ್ಲ.

ನಾನು ಮದುವೆಗಳಲ್ಲಿ ಫೋಟೋ ತೆಗೆಯುವುದು ನಿಮಗೆ ಸೇರಲಿಲ್ಲ. ಸಿಟ್ಟಿನಲ್ಲಿ ನನ್ನ ಕ್ಯಾಮೆರಾವನ್ನು ಹೊಲದ ಬಾವಿಗೆ ಎಸೆದು, "ಏಳು ಹೊರಸಿನ ಹಗ್ಗಾ ಬಿಚ್ಚಿ ಗಂಟ ಹಾಕಿ ಬಿಟ್ರೂ ಈ ಬಾವಿ ತಳಾ ಸಿಗಂಗಿಲ್ಲ. ಇನ್ನ ಅದನ್ನ ಮರತ ಬಿಡು" ಅಂದಿರಿ.

ಮರೆಯಲಿಲ್ಲ. ಮೊನ್ನೆ ನೀವು ಮೆಣಸಿನಕಾಯಿ ಮಾರಲು ಬ್ಯಾಡಗಿಗೆ ಹೋದಾಗ ನಾನು ಹಲಗೇರಿಗೆ ಬಂದಿದ್ದೆ. ಹೊಸದಾಗಿ ಕೊಂಡ ಸಣ್ಣ ಡಿಜಿಟಲ್ ಕ್ಯಾಮೆರಾವನ್ನು ನೀರು ಹೋಗದ ಕವಚದಲ್ಲಿಟ್ಟು, ಕೈಗೆ ಕಟ್ಟಿಕೊಂಡು, ಬಿಸಿಲು ನೆತ್ತಿಗೆ ಬಂದಾಗ ಬಾವಿಯಲ್ಲಿ ಮುಳುಗು ಹಾಕಿದೆ. ದಂಡೆಯಲ್ಲಿದ್ದ ಅವ್ವ, "ಲಗೂ ಮ್ಯಾಲ ಬಾ ನನ್ನವ್ವಾ" ಎಂದು ಕೂಗುತ್ತಲೇ ಇದ್ದಳು. ಅವಳನ್ನು ಬೈಯಬೇಡಿ.

ತಳ ಸಿಕ್ಕಿತು. ಫೋಟೋ ಇದರ ಜೊತೆಗಿದೆ, ನೋಡಿ. ಕೆಸರಿನಲ್ಲಿ ಕುಳಿತಿರುವುದು ನನ್ನ ಹಳೆಯ ಕ್ಯಾಮೆರಾ, ಪಕ್ಕದ್ದು ಅವ್ವನ ಕಳೆದುಹೋದ ಕೊಡ. ಕೊಡವನ್ನು ಮೇಲೆ ತಂದುಕೊಟ್ಟೆ. ಕ್ಯಾಮೆರಾ ನೀವು ಎಸೆದಲ್ಲೇ ಇರಲಿ.

ಬಾವಿಯ ಕೆಳಗಿನ ಮೆಟ್ಟಿಲು ಅಲುಗಾಡುತ್ತಿದೆ, ಸಿಮೆಂಟ್ ಹಾಕಿಸಿ. ನಾನು ಮತ್ತೆ ಇಳಿಯುವವಳು.

ಹಬ್ಬಕ್ಕೆ ಬರುವಾಗ ಈ ಕ್ಯಾಮೆರಾವನ್ನೂ ತರುತ್ತೇನೆ. ಸಿಟ್ಟು ಬಂದರೆ ಇದನ್ನೂ ಅಲ್ಲಿಗೇ ಎಸೆಯಿರಿ. ಇದಕ್ಕೆ ನೀರಿನ ಹೆದರಿಕೆಯಿಲ್ಲ.

ಸೊಂಟಕ್ಕೆ ಸೋರೆಬುರುಡೆ ಕಟ್ಟಿ, ಅದೇ ಬಾವಿಗೆ ನೂಕಿ, ನೀವೇ ಈಜು ಕಲಿಸಿದ ಮಗಳು
ದ್ರಾಕ್ಷಾಯಿಣಿ